ಸ್ವಭಾವಕ್ಕೆ ಒಪ್ಪುವ ವೃತ್ತಿ



ನಮ್ಮ ಹೌಜ್ ಖಾಸ್‌ನಲ್ಲಿ ಒಂದು ಕಡೆ ಐ.ಐ.ಟಿ., ಅದರ ಸಮೀಪದಲ್ಲೇ ಕಾಲೂ ಸರಾಯಿಯ ಕೋಚಿಂಗ್ ತರಗತಿಗಳು. ಹತ್ತನೆಯ ತರಗತಿ ಮುಗಿಯುವುದೇ ತಡ, ನಮ್ಮ ಕನ್ನಡ ಮನೆಗಳ ಮಕ್ಕಳೂ ಆ ಓಣಿಗಳಿಗೆ ಹೊರಡುತ್ತಾರೆ. ಹೋಗಬಾರದೆಂದು ನಾವು ಹೇಳುವುದಿಲ್ಲ. ಗಣಿತದಲ್ಲಿ ನಿಜವಾದ ಒಲವುಳ್ಳ ಹುಡುಗನಿಗೆ ಅಂತಹ ವಿದ್ಯಾಸ್ಥಾನ ದುರ್ಲಭ. ಆದರೆ ಪ್ರತಿಯೊಂದು ಮಗುವೂ ಅದೇ ಕೆಲಸಕ್ಕೆ ಹುಟ್ಟಿದೆಯೇ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಮಾಡಿದ್ದೇವೆ?

ಶ್ರೀಮದಾಚಾರ್ಯರು ಸಾರಿದ ಪಂಚಭೇದಗಳಲ್ಲಿ ಜೀವಜೀವಭೇದವೂ ಒಂದು. ಪ್ರತಿ ಜೀವಕ್ಕೂ ತನ್ನದೇ ಆದ ಅನಾದಿ ಸ್ವರೂಪಯೋಗ್ಯತೆಯುಂಟು. ಪಾಠದಲ್ಲಿ ಇದನ್ನು ತಲೆದೂಗಿ ಒಪ್ಪುವ ನಾವು, ಮನೆಗೆ ಬಂದೊಡನೆ ಮಕ್ಕಳ ವಿಷಯದಲ್ಲಿ ಮಾತ್ರ ಅಭೇದವಾದಿಗಳಾಗುತ್ತೇವೆ! ಪಕ್ಕದ ಮನೆಯವನಿಗೆ ದೊರೆತ ಸೀಟು ನಮ್ಮವನಿಗೂ ದೊರೆಯಲೇಬೇಕು.

ಗೀತೆಯ 3ನೆಯ ಅಧ್ಯಾಯದಲ್ಲಿಯೂ 18ನೆಯ ಅಧ್ಯಾಯದಲ್ಲಿಯೂ ಭಗವಂತನು ಸ್ವಧರ್ಮದ ವಿಷಯವನ್ನು ಎತ್ತುತ್ತಾನೆ. ಅಲ್ಲಿ ಪ್ರಕೃತವಾದದ್ದು ವರ್ಣಧರ್ಮ, ನಿಜ. ಇಂದಿನ ಕಚೇರಿ, ಕಾರ್ಖಾನೆಗಳ ವೃತ್ತಿಯನ್ನು ಅದೇ ಅಳತೆಯಿಂದ ಅಳೆಯಲಾಗದು. ಆದರೂ ಕರ್ಮವನ್ನು ಸ್ವಭಾವದೊಡನೆ ಜೋಡಿಸಿ ಹೇಳಿರುವುದನ್ನು ನಾವು ಗಮನಿಸಬೇಕು. ಸ್ವಭಾವದಿಂದ ಬಂದ ಕರ್ಮವೇ ಅವನ ಪೂಜೆಯಾಗಬಲ್ಲದು.

ಆ ಸ್ವಭಾವವನ್ನು ಗುರುತಿಸುವುದು ಹೇಗೆ? 'ನನಗೆ ಇಷ್ಟ' ಎಂಬ ಮಾತು ಸಾಲದು. ಟಿ.ವಿ. ಮುಂದೆ ಹುಟ್ಟಿದ ಕ್ರಿಕೆಟ್ ಪ್ರೀತಿ ಬೆಳಗಿನ ಐದು ಗಂಟೆಯ ಅಭ್ಯಾಸಕ್ಕೆ ಕರಗಿಹೋಗುತ್ತದೆ. ಯಾವ ಕೆಲಸದ ಕಷ್ಟವನ್ನು ಮಗು ಯಾರಿಂದಲೂ ಹೇಳಿಸಿಕೊಳ್ಳದೆ ಹೊರುವುದೋ, ಅಲ್ಲಿ ಹುಡುಕಬೇಕು.

ಗದಗ ಸೀಮೆಯ ಮಾಧ್ವ ಕುಟುಂಬದಲ್ಲಿ 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರನ್ನು ನೋಡಿ. ತಂದೆ ಗುರುರಾಜ ಜೋಶಿಯವರು ಶಾಲಾಶಿಕ್ಷಕರು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿದ ಬಾಲಕ 1933ರಲ್ಲಿ ಗುರುವನ್ನರಸಿ ಮನೆಬಿಟ್ಟನು. ಟಿಕೆಟ್ಟಿಲ್ಲದೆ, ರೈಲಿನಲ್ಲಿ ಹಾಡುತ್ತ ಉತ್ತರದ ಕಡೆಗೆ ಬಂದನಂತೆ. (ರೈಲ್ವೆಯ ಅನ್ನ ಉಂಡ ನಾವು ಇದನ್ನು ಸಮರ್ಥಿಸಲಾರೆವು!) ಹುಡುಕುತ್ತ ಹೊರಟ ತಂದೆಗೆ ಮಗ ಸಿಕ್ಕಿದ್ದು ದೂರದ ಜಾಲಂಧರದಲ್ಲಿ. ಮನೆಗೆ ಕರೆತಂದರು. ಆದರೆ ಸಂಗೀತ ಅಲ್ಲಿಗೆ ನಿಲ್ಲಲಿಲ್ಲ. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಆ ಬಾಲಕನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. 2008ರಲ್ಲಿ ಭಾರತರತ್ನ ಬಂದಿತು. ನಮಗೆ ಅದಕ್ಕಿಂತ ಹೆಚ್ಚಿನದು, ದಾಸರ ಪದಗಳು ಅವರ ಕಂಠದಿಂದ ನಾಡಿನ ಮನೆಮನೆಗೂ ತಲುಪಿದ್ದು.

ಮನೆಬಿಟ್ಟವರೆಲ್ಲ ಭೀಮಸೇನರಾಗುವುದಿಲ್ಲ, ಹೊಟ್ಟೆಯ ಪ್ರಶ್ನೆಯೂ ಸಣ್ಣದಲ್ಲ. ನಮ್ಮ ಪೀಳಿಗೆಗಂತೂ ಆಯ್ಕೆಯೇ ಇರಲಿಲ್ಲ. ಯಾವ ಪರೀಕ್ಷೆ ಪಾಸಾಯಿತೋ ಅದೇ ಇಲಾಖೆ. ದೆಹಲಿಯ ಚಳಿಯಲ್ಲಿ ಫೈಲು ನೋಡಿ, ಊರಿಗೆ ಮನಿಯಾರ್ಡರ್ ಕಳುಹಿಸಿದೆವು. ಆ ದುಡಿಮೆಯನ್ನು ಹರಿಗರ್ಪಿಸಿದವರಿಗೆ ಅದೂ ಪೂಜೆಯೇ ಆಯಿತು, ಸಂಶಯವಿಲ್ಲ. ಆದರೆ ಅಂದಿನ ಬಡತನವು ನಮಗೆ ಹಾಕಿದ ಕಟ್ಟನ್ನು ಪಿತ್ರಾರ್ಜಿತ ಆಸ್ತಿಯಂತೆ ಮಕ್ಕಳಿಗೂ ವಹಿಸಿಕೊಡಬೇಕೇ? ಈ ವರ್ಷ ಅರ್ಜಿ ತುಂಬುವ ಮುನ್ನ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು ಕೇಳಿರಿ. ಉತ್ತರ ಒಂದೇ ದಿನದಲ್ಲಿ ಬಾರದಿದ್ದರೆ ಕಾಯಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥