ಮಕ್ಕಳಿಗೆ ನಾವು ಉಳಿಸಬೇಕಾದುದೇನು?

ತಂದೆಯೊಬ್ಬನು ಬಾವಿಯಿರುವ ಹಿತ್ತಲನ್ನು ಮಾರಿ, ಬಂದ ಹಣವನ್ನೆಲ್ಲ ಮಗನ ಹೆಸರಿನಲ್ಲಿ ಬ್ಯಾಂಕಿನಲ್ಲಿಡುತ್ತಾನೆಂದು ಭಾವಿಸಿ. ಊರಿನಲ್ಲಿ ಬೇರೆ ನೀರಿಲ್ಲ. “ಆಸ್ತಿ ಕರಗಿಲ್ಲ, ಅದರ ರೂಪ ಮಾತ್ರ ಬದಲಾಗಿದೆ” ಎಂದು ಅವನು ಹೇಳಿದರೆ ನೀವು ಒಪ್ಪುವಿರಾ?

ಅರ್ಥಶಾಸ್ತ್ರದಲ್ಲಿಯೂ ಇದೇ ವಾದವಿದೆ. ಅರಣ್ಯ, ಅದಿರು ಕರಗಿದರೂ ಅಷ್ಟೇ ಮೌಲ್ಯದ ಕಾರ್ಖಾನೆ, ರಸ್ತೆ, ವಿದ್ಯೆಗಳನ್ನು ಬಿಟ್ಟುಹೋದರೆ ಸಾಕು ಎನ್ನುವುದು ‘ದುರ್ಬಲ ಸುಸ್ಥಿರತೆ’. ಪ್ರಕೃತಿಯ ಕೆಲವು ಸಂಪತ್ತುಗಳಿಗೆ ಬದಲಿಯೇ ಇಲ್ಲ, ಅವನ್ನು ಅವುಗಳ ರೂಪದಲ್ಲಿಯೇ ಉಳಿಸಬೇಕು ಎನ್ನುವುದು ‘ಪ್ರಬಲ ಸುಸ್ಥಿರತೆ’. ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿ (1938–2022) ಮೀನುಗಾರಿಕೆಯ ಉದಾಹರಣೆ ಕೊಡುತ್ತಿದ್ದರು: ಕಡಲಿನಲ್ಲಿ ಮೀನು ಬರಿದಾದ ಮೇಲೆ ದೋಣಿಗಳನ್ನು ಹೆಚ್ಚಿಸಿ ಫಲವೇನು?

ಪೆಸಿಫಿಕ್ ಸಾಗರದ ನೌರು ದ್ವೀಪದ ವಿಸ್ತೀರ್ಣ ಸುಮಾರು 21 ಚದರ ಕಿಲೋಮೀಟರ್. ಇಪ್ಪತ್ತನೆಯ ಶತಮಾನದ ಆರಂಭದಿಂದ ಪರದೇಶದವರು ಗೊಬ್ಬರಕ್ಕಾಗಿ ಅಲ್ಲಿನ ಫಾಸ್ಫೇಟನ್ನು ಅಗೆದು ಸಾಗಿಸಿದರು. 1968ರಲ್ಲಿ ಸ್ವತಂತ್ರವಾದ ಬಳಿಕ ನೌರುವಿನವರೂ ಗಣಿಗಾರಿಕೆಯನ್ನು ಮುಂದುವರಿಸಿದರು. ಮುಂದಿನ ಪೀಳಿಗೆಗೆಂದು ನಿಧಿಯನ್ನೂ ಕೂಡಿಟ್ಟರು. ಕೆಲಕಾಲ ಅವರು ಜಗತ್ತಿನ ಶ್ರೀಮಂತರ ಸಾಲಿನಲ್ಲಿದ್ದರು. ಆದರೆ ಕೆಟ್ಟ ಹೂಡಿಕೆ, ದುರಾಡಳಿತಗಳಿಂದ ನಿಧಿ ಕರಗಿತು. ಮೆಲ್ಬರ್ನ್ ನಗರದಲ್ಲಿ ಅವರು ಕಟ್ಟಿಸಿದ್ದ 52 ಅಂತಸ್ತಿನ ‘ನೌರು ಹೌಸ್’ 2004ರಲ್ಲಿ ಕೈತಪ್ಪಿತು. ದ್ವೀಪದ ಹೆಚ್ಚಿನ ಭಾಗ ಇಂದು ಚೂಪಾದ ಸುಣ್ಣಕಲ್ಲಿನ ಬರಡು ಭೂಮಿ.

ಹಣವನ್ನು ಜಾಣತನದಿಂದ ಕಾಪಾಡಿದ್ದರೆ ಎಲ್ಲವೂ ಸರಿಯಾಗುತ್ತಿತ್ತೆಂದು ಕೆಲವರು ಹೇಳಬಹುದು. ಬಡತನ ಖಂಡಿತ ಕಡಿಮೆಯಾಗುತ್ತಿತ್ತು. ಆದರೂ ಒಡಲು ಬಗೆದ ನೆಲ ಮರಳಿ ಬರುತ್ತಿರಲಿಲ್ಲ. ಆ ನೆಲದಲ್ಲಿ ಬಾಳಬೇಕೇ ಬೇಡವೇ ಎಂದು ಆರಿಸಿಕೊಳ್ಳುವ ಹಕ್ಕನ್ನು ಹುಟ್ಟದ ಮಕ್ಕಳಿಂದ ಮೊದಲೇ ಕಸಿದುಕೊಳ್ಳಲಾಗಿತ್ತು. ಹಣ ಕಳೆದದ್ದು ಅವಿವೇಕ. ನೆಲ ಕಳೆದದ್ದು ಅನ್ಯಾಯ. ಇವೆರಡೂ ಒಂದೇ ಅಲ್ಲ.

ಹಾಗೆಂದು ಪ್ರಕೃತಿಯನ್ನು ಮುಟ್ಟಲೇಬಾರದೆಂದಲ್ಲ. ಹಸಿದವನಿಗೆ ಅದು ಕ್ರೂರ ಉಪದೇಶವಾದೀತು. ಮತ್ತೆ ಬೆಳೆಯುವುದನ್ನು ಅದು ಬೆಳೆಯುವ ವೇಗವನ್ನು ಮೀರದಂತೆ ಬಳಸಬೇಕು. ಭೂಮಿ ಅರಗಿಸಿಕೊಳ್ಳಬಲ್ಲಷ್ಟೇ ಕಸವನ್ನು ಹೊರಹಾಕಬೇಕು. ಮುಗಿದುಹೋಗುವುದನ್ನು ಅದಕ್ಕೆ ಬದಲಿ ಸಿದ್ಧವಾಗುವ ವೇಗದಲ್ಲಷ್ಟೇ ತೆಗೆಯಬೇಕು. ಡೇಲಿಯವರು ಸೂಚಿಸಿದ ಮಿತಿಗಳು ಇವೇ.

ಮಕ್ಕಳಿಗಾಗಿ ಉಳಿತಾಯ ಮಾಡುವಾಗ ಬ್ಯಾಂಕಿನ ಪುಸ್ತಕವನ್ನು ನೋಡುತ್ತೇವೆ. ಬಾವಿಯೊಳಗೂ ಒಮ್ಮೆ ಇಣುಕಿ ನೋಡೋಣವೇ?