ಇಂದಿನ ಧಮ್ಮಚಿಂತನೆ: ಒಂದು ಗಂಟೆಯ ದಾರಿ



ಬೆಂಗಳೂರಿನಿಂದ ಬಜ್ಪೆಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ನನ್ನ ಬೆಳ್ತಂಗಡಿಗೆ, ಮೂಡುಬಿದಿರೆ ಮೇಲೆ ಬನ್ನಿ, ಬಂಟ್ವಾಳದ ಮೇಲೆ ಬನ್ನಿ, ಅದಕ್ಕಿಂತ ಹೆಚ್ಚು ಹೊತ್ತು!

ಬಜ್ಪೆಯಲ್ಲಿ ಮೊದಲ ವಿಮಾನ ಇಳಿದದ್ದು 1951ರಲ್ಲಿ. ಇದೇ ಜಿಲ್ಲೆಯಲ್ಲಿ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ನೇ ಇಸವಿಯಲ್ಲಿ. ನಡುವೆ 49 ವರ್ಷ.

ಅವರನ್ನು ದೂರ ನಿಲ್ಲಿಸಿದವರು ಮೇಲ್ಜಾತಿಯವರು ಮಾತ್ರವೇ? ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇದನ್ನೇ. ಧಮ್ಮ ಸ್ವೀಕರಿಸಿದ ನಾವು ಕೊರಗರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇವೆ? ರಾತ್ರಿ ಬಸ್ಸು ಬಿಟ್ಟು ಉಳಿಸಿದ ಗಂಟೆಗಳಲ್ಲಿ ಒಂದು ಸಾಲದೇ?

ಬುದ್ಧರು ಬೋಧಗಯೆಯಿಂದ ಸಾರನಾಥಕ್ಕೆ ಸುಮಾರು 250 ಕಿಲೋಮೀಟರ್ ನಡೆದರು, ತಮ್ಮನ್ನು ತೊರೆದು ಹೋಗಿದ್ದ ಐವರಿಗಾಗಿ. ಬಂದರೆ ಏಳಬಾರದೆಂದುಕೊಂಡಿದ್ದ ಆ ಐವರೂ ಎದ್ದರು. ಒಬ್ಬರು ಕಾಲು ತೊಳೆಯಲು ನೀರು ತಂದರು.