ಡ್ರಮ್ಮಿಗೆ ಗೊತ್ತಿದ್ದದ್ದು

ರಬಕವಿಯಲ್ಲಿ ನಮ್ಮ ಕಾಕಾನದ್ದೊಂದು ಝೆರಾಕ್ಸ್ ಅಂಗಡಿ. ಹೊರಗೆ ಪವರ್‌ಲೂಮ್‌ಗಳ ಖಟಪಟ, ಒಳಗೆ ಮಷಿನ್ನಿನ ಗುಂಯ್ ಸದ್ದು. ಪಿಯುಸಿ ರಜೆಯಲ್ಲಿ ನಾನಲ್ಲೇ ಕೂರುತ್ತಿದ್ದೆ. ಉತಾರ, ರೇಷನ್ ಕಾರ್ಡು, ಆಸ್ಪತ್ರೆ ರಿಪೋರ್ಟು, ಊರಿನ ಬದುಕೆಲ್ಲ ಆ ಗಾಜಿನ ಮೇಲೆ ಬೋರಲು ಮಲಗುತ್ತಿತ್ತು.

ಒಂದಿನ ನಮ್ಮ ಓಣಿಯ ನೇಕಾರರೊಬ್ಬರು ಬ್ಯಾಂಕಿನ ನೋಟಿಸ್ ತಂದರು. ಮಗ್ಗದ ಸಾಲ ಬಾಕಿ ಬಿದ್ದಿತ್ತು. 'ಎರಡು ಕಾಪಿ ತಗಿ ತಮ್ಮಾ' ಅಂದರು, ಅಷ್ಟೇ. ರಾತ್ರಿ ಊಟದ ಹೊತ್ತಿಗೆ ಅವ್ವನ ಮುಂದೆ ಬಾಯಿಬಿಟ್ಟೆ. ವಾರದೊಳಗೆ ಸುದ್ದಿ ಬನಹಟ್ಟಿಯಲ್ಲಿದ್ದ ಅವರ ಬೀಗರಾಗುವವರನ್ನು ಮುಟ್ಟಿ, ಮಗಳ ಸಂಬಂಧ ಮುರಿಯಿತು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಕಾಕಾ ಬೈಯಲಿಲ್ಲ. ಮಷಿನ್ ಸರ್ವಿಸ್‌ಗೆ ಬಿಚ್ಚಿದ ದಿನ ಡ್ರಮ್ ತೋರಿಸಿ, 'ಇದು ನಿನಗಿಂತ ಶಾಣ್ಯಾ ಐತಿ ನೋಡು. ಒಂದ್ ಹಾಳಿ ಮುಗೀತಂದ್ರ ಮರತ ಬಿಡತೈತಿ' ಅಂದ. ಅಂದಕೂಡಲೇ ಬಟ್ಟೆ ಮುಚ್ಚಿದ. ಡ್ರಮ್ಮಿಗೆ ಹೊರಗಿನ ಬೆಳಕು ಆಗಿಬರುವುದಿಲ್ಲ.

ಅದು ಮರೆಯೋದು ಹೇಗೆ ಅಂತ ತಿಳಿದದ್ದು ಇಂಜಿನಿಯರಿಂಗ್‌ನಲ್ಲಿ. ಹಳೆಯ ಡ್ರಮ್ಮುಗಳ ಮೇಲೆ ಸೆಲೆನಿಯಂ ಲೇಪ ಇರುತ್ತಿತ್ತು, ಅಣುಗಳು ಸಾಲಾಗಿ ನಿಲ್ಲದೆ ಸಂತೆಯ ಜನರ ಹಾಗೆ ಚೆದುರಿದ ವಸ್ತು. ಕತ್ತಲಲ್ಲಿ ವಿದ್ಯುತ್ ಹರಿಯಗೊಡುವುದಿಲ್ಲ, ಮೇಲೆ ಹಾಕಿದ ಚಾರ್ಜ್ ಹಾಗೇ ಕೂತಿರುತ್ತದೆ. ಕಾಗದದ ಬಿಳಿ ಭಾಗದಿಂದ ಬೆಳಕು ಬಂದು ಬಿದ್ದಲ್ಲಿ ಎಲೆಕ್ಟ್ರಾನುಗಳು ಎದ್ದು, ಚಾರ್ಜ್ ಇಳಿದುಹೋಗುತ್ತದೆ. ಕಪ್ಪು ಅಕ್ಷರದ ನೆರಳಲ್ಲಿ ಮಾತ್ರ ಉಳಿಯುತ್ತದೆ, ಟೋನರ್ ಪುಡಿ ಅಲ್ಲಿಗೇ ಅಂಟುತ್ತದೆ. ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಮೊದಲ ಪ್ರತಿ ತೆಗೆದದ್ದು ಗಂಧಕ ಬಳಿದ ಸತುವಿನ ತಗಡಿನಿಂದ. ಕಂಪನಿಯ ಪೇಟೆಂಟ್ ವಿಭಾಗದ ಕೆಲಸದಲ್ಲಿ ಕಾಗದ ನಕಲು ಮಾಡಿ ಮಾಡಿ ಬೇಸತ್ತವನು ಆತ.

ನನಗೆ ಮುಖ್ಯವಾದದ್ದು ಇದರ ನಂತರದ್ದು. ಪ್ರತಿ ಬಂದ ಮೇಲೆ ಇಡೀ ಡ್ರಮ್ಮಿಗೆ ಇನ್ನೊಮ್ಮೆ ಬೆಳಕು ಹಾಯಿಸಿ ಉಳಿದದ್ದನ್ನು ಅಳಿಸಬೇಕು. ಆದರೂ ಚೆದುರಿದ ವಸ್ತುವಿನ ಮೂಲೆ ಮುಡುಕಿನಲ್ಲಿ ಒಂದಿಷ್ಟು ಚಾರ್ಜ್ ಸಿಕ್ಕಿಕೊಂಡಿರುತ್ತದೆ. ಅಳಿಸುವ ದೀಪ ಮಂಕಾದರೆ ಹಿಂದಿನವರ ಅಕ್ಷರ ಮುಂದಿನವರ ಹಾಳೆಯ ಮೇಲೆ ದೆವ್ವದ ಹಾಗೆ ಕಾಣಿಸಿಕೊಳ್ಳುತ್ತದೆ. ಮರೆವು ತಾನಾಗೇ ಆಗೋದಲ್ಲ, ಪ್ರತಿ ಹಾಳೆಗೂ ಮಾಡಬೇಕಾದ ಕೆಲಸ.

ಗೆಳೆಯನೊಬ್ಬ ಕೇಳಿದ: ಬೀಗರಿಗೆ ಸತ್ಯ ಗೊತ್ತಾಗಬೇಕಿರಲಿಲ್ವಾ? ಬೇಕಿತ್ತೇನೋ. ಆದರೆ ಅದನ್ನು ಹೇಳುವ ಹಕ್ಕು, ಮುಚ್ಚಿಡುವ ತಪ್ಪು, ಎರಡೂ ಆ ನೇಕಾರರದ್ದು. ನನ್ನ ಕೈಗೆ ಕಾಗದ ಬಂದದ್ದು ಪ್ರತಿ ತೆಗೆಯಲಿಕ್ಕೆ, ಓದಲಿಕ್ಕಲ್ಲ. ಅದು ಕಳ್ಳ ದಾಖಲೆಯಾಗಿದ್ದರೆ ಮಾತು ಬೇರೆ ಇತ್ತು. ಸಾಲ ಅಪರಾಧ ಅಲ್ಲವಲ್ಲ.

ಈಗ ಬೆಂಗಳೂರಿನಲ್ಲಿ ನನ್ನ ಕೆಲಸವೂ ಊರವರ ಕಾಗದ ನೋಡೋದೇ, ಲಕ್ಷಗಟ್ಟಲೆ. ಗ್ರಾಹಕರು ಡಿಲೀಟ್ ಒತ್ತಿದರೆ ನಾವು ಒಂದು ಕಾಲಂನಲ್ಲಿ 'ಡಿಲೀಟ್ ಆಗಿದೆ' ಅಂತ ಗುರುತು ಹಾಕುತ್ತೇವೆ. ಡೇಟಾ ಅಲ್ಲೇ ಇರುತ್ತದೆ. ಮೀಟಿಂಗ್‌ನಲ್ಲಿ ನಾನೂ ತಲೆ ಅಲ್ಲಾಡಿಸಿದ್ದೇನೆ.

ಹೋದ ದೀಪಾವಳಿಗೆ ಅಂಗಡಿಯಲ್ಲಿ ಕೂತಿದ್ದೆ. ಕಾಕಾ ಹೊಸ ಮಷಿನ್ ತಂದಿದ್ದಾನೆ, ಅದಕ್ಕೆ ಮೆಮೊರಿ ಇದೆ. ಅದೇ ನೇಕಾರರು ಮೊಮ್ಮಗನ ಆಧಾರ್ ಹಿಡಿದು ಬಂದರು. 'ಎರಡು ಕಾಪಿ ತಗಿ ತಮ್ಮಾ.' ಸುದ್ದಿ ಹೊರಟದ್ದು ನನ್ನಿಂದ ಅಂತ ಅವರಿಗೆ ಗೊತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಕಾಗದ ಬೋರಲು ಹಾಕಿದೆ. ನಾಲ್ಕು ರೂಪಾಯಿ ಕೊಟ್ಟು ಹೋದರು.